ತೋಟದ ಕಡೆಗೆ ವಾಲಿದ ಮರ: ಕಡಿಯಲು ಯಾವ ಸಲಕರಣೆ?

ಕಾಫಿ ಕೊಯ್ಲು ಮುಗಿದು ಹೂ ಮಳೆಯನ್ನು ಎದುರು ನೋಡುವ ಬಿಡುವಿನಲ್ಲಿಯೇ ನಮ್ಮಲ್ಲಿ ಹೆಚ್ಚಿನವರು ಮರ ಕಡಿಸುವ ಕೆಲಸಕ್ಕೆ ಕೈ ಹಾಕುತ್ತೇವೆ. ಗಿಡದ ಮೇಲೆ ಹಣ್ಣಿರುವುದಿಲ್ಲ, ಹೂವು ಇನ್ನೂ ಅರಳಿರುವುದಿಲ್ಲ, ನೆಲ ಒಣಗಿರುವುದರಿಂದ ಕಾಲೂ ಜಾರುವುದಿಲ್ಲ. ನೆಟ್ಟಗೆ ನಿಂತ ಮರವಾದರೆ ಹೇಳತಕ್ಕದ್ದು ಹೆಚ್ಚೇನೂ ಇಲ್ಲ. ತಾಪತ್ರಯವೆಲ್ಲ ವಾಲಿದ ಮರದ್ದು. ತೋಟದ ಅಂಚಿನ ಸಿಲ್ವರ್ ಓಕ್ ಬೆಳಕನ್ನು ಅರಸಿ ಕೆಳಗಿನ ಅಡಿಕೆಯ ಮೇಲೆ ಬಾಗಿರುತ್ತದೆ. ಕಣದ ಬದಿಯ ಮರ ಮನೆಯ ಮಾಡಿನತ್ತ ತಲೆ ಹಾಕಿರುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿಯೂ 2019ರ ಆಗಸ್ಟ್‌ನಲ್ಲಿ ಮೂಡಿಗೆರೆಯ ಕಡೆಯಲ್ಲಿಯೂ ಗುಡ್ಡ ಕುಸಿದುದನ್ನು ನಾವೆಲ್ಲ ಕಂಡಿದ್ದೇವೆ. ಮಳೆ ಹಿಡಿದ ಇಳಿಜಾರಿನಲ್ಲಿ ಬೇರಿನ ಹಿಡಿತ ಸಡಿಲವಾದ ಮರ ಯಾವ ಕಡೆಗೆ ವಾಲೀತೆಂದು ಹೇಳುವಂತಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ತೋಟದಲ್ಲಿಯೇ ನಡೆದ ಒಂದು ಪ್ರಸಂಗವನ್ನು ಇಲ್ಲಿ ಹೇಳಬೇಕಾಗಿದೆ. ಸುಮಾರು ಅರವತ್ತು ಅಡಿ ಎತ್ತರದ ಸಿಲ್ವರ್ ಓಕ್. ಮೇಲ್ಬದಿಯಲ್ಲಿ ತೋಟದ ರಸ್ತೆ, ಕೆಳಬದಿಯಲ್ಲಿ ಅಡಿಕೆ. ಮರದ ವಾಲು ಅಡಿಕೆಯ ಕಡೆಗೆ. ನಾವು ಅದನ್ನು ರಸ್ತೆಯ ಕಡೆಗೆ ಬೀಳಿಸಲು ಹೊರಟೆವು. ಏಣಿ ಮುಟ್ಟಿದಷ್ಟು ಎತ್ತರದಲ್ಲಿ, ಎಂದರೆ ಹನ್ನೆರಡು ಅಡಿಯಲ್ಲಿ, ಅಟ್ಟದಲ್ಲಿದ್ದ ಹಳೆಯ ನಾರಿನ ಹಗ್ಗ ಕಟ್ಟಿ ನಾಲ್ವರು ಹಿಡಿದು ನಿಂತೆವು. ಗರಗಸ ಅರ್ಧ ದಾಟುತ್ತಲೇ ಮರ ಹಿಂದಕ್ಕೆ ಕೂತು ಗರಗಸದ ಅಲಗನ್ನು ಕಚ್ಚಿ ಹಿಡಿಯಿತು. ಎಳೆದೆವು, ಹಗ್ಗ ಹರಿಯಿತು. ಮರ ತನಗೆ ಬೇಕಾದ ಕಡೆಗೇ ಬಿತ್ತು. ಹನ್ನೊಂದು ಅಡಿಕೆ ಮರಗಳು ತಲೆ ಮುರಿದುಕೊಂಡವು. ಗರಗಸ ಹಿಡಿದಿದ್ದ ಆಳು ಯಂತ್ರವನ್ನು ಅಲ್ಲೇ ಬಿಟ್ಟು ಪಕ್ಕಕ್ಕೆ ಹಾರಿದ್ದರಿಂದ ಉಳಿದುಕೊಂಡ. ಅಡಿಕೆಯ ನಷ್ಟ ಲೆಕ್ಕಕ್ಕೆ ಸಿಗುತ್ತದೆ. ಆ ಸಂಜೆ ಅವನ ಮನೆಯವರಿಗೆ ನಾವು ಏನು ಹೇಳಬೇಕಾಗಿ ಬರುತ್ತಿತ್ತೋ ಅದು ಯಾವ ಲೆಕ್ಕಕ್ಕೂ ಸಿಗದು.

ನಮ್ಮ ತಪ್ಪು ಧೈರ್ಯದ್ದಲ್ಲ, ಅಳತೆಯದು. ವಾಲು ಎಷ್ಟೆಂದು ಅಳೆಯದೆ ಕೈಗೆ ಸಿಕ್ಕ ಸಲಕರಣೆಯನ್ನು ಹಿಡಿದೆವು. ಸಲಕರಣೆಯನ್ನು ಮರದ ವಾಲು ಆರಿಸಬೇಕು, ನಾವಲ್ಲ. ಈ ಮಾತನ್ನು ಸ್ವಲ್ಪ ವಿವರವಾಗಿ ಹೇಳುವುದೇ ಈ ಲೇಖನದ ಉದ್ದೇಶ.

ಎತ್ತ ಬೀಳಿಸುವುದು?

ಮೊದಲನೆಯದಾಗಿ, ಮರವನ್ನು ವಾಲಿಗೆ ಪೂರ್ತಿ ಎದುರು ದಿಕ್ಕಿಗೇ ಬೀಳಿಸಬೇಕೆ ಎಂದು ಕೇಳಿಕೊಳ್ಳಬೇಕು. ಅನೇಕ ವೇಳೆ ಅಡ್ಡಲಾಗಿ, ಎಂದರೆ ವಾಲಿನ ಬಲಕ್ಕೋ ಎಡಕ್ಕೋ ಬೀಳಿಸಿದರೆ ಸಾಕಾಗುತ್ತದೆ. ಹಾಗೆ ತಿರುಗಿಸಲು ಬೇಕಾದ ಬಲ ಬಹಳ ಕಡಿಮೆ.

ಎರಡನೆಯದಾಗಿ, ಏನಾದರೂ ಹಾಳಾಗಲೇಬೇಕೆಂದಾದರೆ ಯಾವುದು ಹಾಳಾದರೆ ಸಹಿಸಬಹುದು ಎಂದು ನೋಡಬೇಕು. ಕಾಫಿ ಗಿಡ ಮುರಿದರೆ ಬುಡದ ಮೇಲೆ ಓರೆಯಾಗಿ ಕತ್ತರಿಸಿ ಬಿಟ್ಟಲ್ಲಿ ಚಿಗುರು ಬರುತ್ತದೆ. ಒಳ್ಳೆಯ ಚಿಗುರನ್ನು ಉಳಿಸಿಕೊಂಡರೆ ಗಿಡ ಮತ್ತೆ ಫಸಲಿಗೆ ಬರುತ್ತದೆ. ಅಡಿಕೆ ಮರಕ್ಕೆ ಇರುವುದು ಒಂದೇ ಸುಳಿ. ಅದು ಮುರಿದರೆ ಮರ ಮುಗಿದಂತೆ. ಹೊಸ ಸಸಿ ನೆಟ್ಟು ಐದರಿಂದ ಏಳು ವರ್ಷ ಕಾಯಬೇಕು. ಆದ್ದರಿಂದ ಕಾಫಿಯೋ ಅಡಿಕೆಯೋ ಎಂಬ ಪ್ರಶ್ನೆ ಬಂದಾಗ ಕಾಫಿಯ ಸಾಲಿನ ನಡುವೆ ಬೀಳಿಸುವುದೇ ಲೇಸು. ಬೀಳುವ ಜಾಗದ ಗಿಡಗಳನ್ನು ಮೊದಲೇ ಬಗ್ಗಿಸಿ ಕಟ್ಟಿದರೆ ಅಥವಾ ಕಪಾತು ಮಾಡಿದರೆ ನಷ್ಟ ಇನ್ನೂ ಕಡಿಮೆಯಾಗುತ್ತದೆ. ಕಡಿಯುವ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿದ್ದರೆ ಮೊದಲೇ ಬಿಡಿಸಬೇಕು. ಪಕ್ಕದ ಮರಕ್ಕೆ ಹೆಣೆದುಕೊಂಡ ಕಾಡುಬಳ್ಳಿಗಳನ್ನಂತೂ ಬಿಡಲೇಬಾರದು. ಬೀಳುವ ಮರದ ದಿಕ್ಕನ್ನು ತಪ್ಪಿಸುವುದು ಅವೇ.

ಯಾವ ಜಾತಿಯ ಮರಕ್ಕೆ ಯಾವ ಅನುಮತಿ ಬೇಕೆಂಬುದನ್ನು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಮುಂಚಿತವಾಗಿ ತಿಳಿದುಕೊಳ್ಳತಕ್ಕದ್ದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ ಖಾಸಗಿ ಜಮೀನಿನ ಮರಗಳಿಗೂ ಅನ್ವಯಿಸುತ್ತದೆ.

ವಾಲು ಅಳೆಯುವ ಬಗೆ

ಇದಕ್ಕೆ ಗಾರೆ ಕೆಲಸದವರ ತೂಕದ ಗುಂಡು ಸಾಕು. ಅದೂ ಇಲ್ಲದಿದ್ದರೆ ದಾರಕ್ಕೆ ಕಟ್ಟಿದ ಕಲ್ಲು. ಮರದಿಂದ ಅದರ ಎತ್ತರದಷ್ಟು ದೂರ ಹೋಗಿ, ದಾರವನ್ನು ಕಣ್ಣ ಮುಂದೆ ಹಿಡಿದು, ಬುಡದ ನಡುವಿಗೆ ಹೊಂದಿಸಿ ತುದಿಯನ್ನು ನೋಡಬೇಕು. ತುದಿ ದಾರದಿಂದ ಎಷ್ಟು ಸರಿದಿದೆ ಎಂಬುದು ಕಾಣುತ್ತದೆ. ಒಂದು ಕಡೆಯಿಂದ ನೋಡಿದರೆ ಸಾಲದು. ಕಾಲು ಸುತ್ತು ತಿರುಗಿ ಇನ್ನೊಂದು ಕಡೆಯಿಂದಲೂ ನೋಡಬೇಕು. ಎದುರಿನಿಂದ ನೆಟ್ಟಗೆ ಕಂಡ ಮರ ಪಕ್ಕದಿಂದ ನೋಡಿದಾಗ ಐದಡಿ ವಾಲಿರುವುದುಂಟು.

ಎತ್ತರ ತಿಳಿಯಲು ಸುಲಭದ ಉಪಾಯವಿದೆ. ಕಣ್ಣಿನಿಂದ ಮುಷ್ಟಿಯವರೆಗೆ ಎಷ್ಟು ಉದ್ದವೋ ಅಷ್ಟೇ ಉದ್ದದ ಕೋಲನ್ನು ಮುಷ್ಟಿಯ ಮೇಲೆ ನೆಟ್ಟಗೆ ಬರುವಂತೆ ಕೈ ಚಾಚಿ ಹಿಡಿದು, ಕೋಲು ಮರವನ್ನು ಬುಡದಿಂದ ತುದಿಯವರೆಗೆ ಸರಿಯಾಗಿ ಮುಚ್ಚುವ ತನಕ ಹಿಂದೆ ಸರಿಯಬೇಕು. ಸಮ ನೆಲವಾದರೆ ನಿಂತ ಜಾಗದಿಂದ ಮರಕ್ಕಿರುವ ದೂರವೇ ಹೆಚ್ಚುಕಡಿಮೆ ಮರದ ಎತ್ತರ.

ವಾಲೆಂದರೆ ಕಾಂಡದ ವಾಲು ಮಾತ್ರವಲ್ಲ. ಕಾಂಡ ನೆಟ್ಟಗಿದ್ದು ಕೊಂಬೆಗಳೆಲ್ಲ ಒಂದೇ ಕಡೆಗೆ ಚಾಚಿದ್ದರೆ ಭಾರ ಆ ಕಡೆಗೇ ಇರುತ್ತದೆ. ಹಲಸು, ಅತ್ತಿಯಂಥ ಹರಡಿದ ಮರಗಳಲ್ಲಿ ಇದನ್ನು ಮುಖ್ಯವಾಗಿ ಗಮನಿಸಬೇಕು.

ಕೊಡಲಿ, ಗರಗಸ, ಯಂತ್ರ ಗರಗಸ

ತಾನು ವಾಲಿದ ಕಡೆಗೇ ಬೀಳಬೇಕಾದ ಸಣ್ಣ ಮರಕ್ಕೆ ಕೊಡಲಿ ಸಾಕಾದೀತು. ಹಿಂದಕ್ಕೆ ವಾಲಿದ ಮರಕ್ಕೆ ಕೊಡಲಿ ತಕ್ಕ ಸಲಕರಣೆಯಲ್ಲ. ಕೊಡಲಿಯ ಕಚ್ಚು ಅಗಲವಾಗಿ ಬಾಯಿ ತೆರೆದಿರುವುದರಿಂದ ಅದರಲ್ಲಿ ಬೆಣೆ ನಿಲ್ಲುವುದಿಲ್ಲ. ಬೆಣೆ ಕೂರಲು ಗರಗಸದ ಸಣ್ಣ ಸೀಳು ಬೇಕು. ಹಿಂದಿನವರು ಇಬ್ಬರು ಎಳೆಯುವ ಗರಗಸ ಮತ್ತು ಮರದ ಬೆಣೆ, ಇವೆರಡರಿಂದಲೇ ಎಷ್ಟೋ ದೊಡ್ಡ ಮರಗಳನ್ನು ಬೇಕಾದ ಕಡೆಗೆ ಮಲಗಿಸಿದರು. ಆ ಗರಗಸ ಇಂದಿಗೂ ಕೆಲಸಕ್ಕೆ ಬರುತ್ತದೆ. ಸದ್ದಿಲ್ಲದ ಕಾರಣ ಮರದ ಲಟಲಟ ಶಬ್ದ ಕಿವಿಗೆ ಬೀಳುತ್ತದೆ ಎಂಬುದು ಅದರ ದೊಡ್ಡ ಗುಣ.

ಯಂತ್ರ ಗರಗಸವಾದರೆ ಸಣ್ಣ ಹಿಡುವಳಿದಾರರಿಗೆ 16ರಿಂದ 18 ಇಂಚಿನ ಅಲಗು ಸಾಕು. ಸರಪಣಿಯ ಹಲ್ಲು ಹರಿತವಾಗಿರುವುದು ಅಲಗಿನ ಉದ್ದಕ್ಕಿಂತ ಮುಖ್ಯ. ಮೊಂಡು ಸರಪಣಿ ಒಂದೇ ಕಡೆಗೆ ಎಳೆದು ಕೊಯ್ತವನ್ನು ಓರೆ ಮಾಡುತ್ತದೆ. ವಾಲಿದ ಮರದಲ್ಲಿ ಓರೆ ಕೊಯ್ತವೆಂದರೆ ತಪ್ಪು ದಿಕ್ಕು. ತಲೆಗೆ ಗಟ್ಟಿ ಟೋಪಿ, ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು ಇಲ್ಲದೆ ಯಾರನ್ನೂ ಯಂತ್ರ ಮುಟ್ಟಲು ಬಿಡಬಾರದು.

ಕಚ್ಚು ಮತ್ತು ಕೀಲು

ಯಾವ ಸಲಕರಣೆಯಾದರೂ ಅದು ದುಡಿಯುವುದು ಬುಡದಲ್ಲಿ ಉಳಿಸುವ ಒಂದು ಪಟ್ಟಿಯ ಆಧಾರದ ಮೇಲೆ. ಮರ ಬೀಳಬೇಕಾದ ಕಡೆಯಲ್ಲಿ ಮೊದಲು ಬಾಯಿ ತೆರೆದ ಕಚ್ಚು ಹಾಕಬೇಕು. ಅದರ ಆಳ ಕಾಂಡದ ಅಡ್ಡಗಲದ ನಾಲ್ಕನೇ ಒಂದು ಭಾಗದಷ್ಟಿರಲಿ. ಅನಂತರ ಹಿಂಬದಿಯಿಂದ, ಕಚ್ಚಿನ ಮೂಲೆಗಿಂತ ಒಂದೆರಡು ಇಂಚು ಮೇಲೆ ಅಡ್ಡ ಕೊಯ್ಯಬೇಕು. ಈ ಎರಡು ಕೊಯ್ತಗಳು ಎಂದಿಗೂ ಕೂಡಬಾರದು. ನಡುವೆ ಅಡ್ಡಗಲದ ಹತ್ತನೇ ಒಂದು ಭಾಗದಷ್ಟು ದಪ್ಪದ ಪಟ್ಟಿಯನ್ನು ಉಳಿಸಬೇಕು. 16 ಇಂಚಿನ ಮರಕ್ಕೆ ಸುಮಾರು ಒಂದೂವರೆ ಇಂಚು.

ಈ ಪಟ್ಟಿ ಬಾಗಿಲಿನ ಬಿಜಾಗರಿ ಇದ್ದಂತೆ. ಬಾಗಿಲು ಬಿಜಾಗರಿಯ ಮೇಲೆ ತಿರುಗುವಂತೆ ಮರ ಈ ಕೀಲಿನ ಮೇಲೆ ತಿರುಗಿ ಮಲಗುತ್ತದೆ. ಅವಸರದಲ್ಲಿ ಇದನ್ನು ಕೊಯ್ದುಬಿಟ್ಟರೆ ಹಗ್ಗ, ಬೆಣೆ, ಯಂತ್ರ ಯಾವುದೂ ಮರವನ್ನು ಹಿಡಿಯಲಾರದು. ಬುಡ ಟೊಳ್ಳಾದ ಮರದಲ್ಲಿ ಕೀಲು ಉಳಿಯುವುದೇ ಇಲ್ಲ. ಆದ್ದರಿಂದ ಕೊಡಲಿಯ ಹಿಂಬದಿಯಿಂದ ಕಾಂಡವನ್ನು ಸುತ್ತಲೂ ತಟ್ಟಿ ಶಬ್ದ ಕೇಳಿಯೇ ಕೆಲಸಕ್ಕೆ ಇಳಿಯಬೇಕು.

ಬೆಣೆ: ಎಲ್ಲಿಯವರೆಗೆ?

ವಾಲು ಸ್ವಲ್ಪವಾದರೆ ಬೆಣೆಯಂಥ ಸುಲಭ ಸಲಕರಣೆ ಇನ್ನೊಂದಿಲ್ಲ. ಹಿಂಬದಿಯ ಕೊಯ್ತ ಬೆಣೆ ಹಿಡಿಯುವಷ್ಟು ಆಳವಾದ ಕೂಡಲೇ ಬೆಣೆ ಇಟ್ಟು ಬಡಿಯಬೇಕು. ಮರ ಹಿಂದಕ್ಕೆ ಕೂತು ಅಲಗನ್ನು ಕಚ್ಚಿಕೊಂಡ ಮೇಲೆ ಬೆಣೆ ಹುಡುಕುವುದು ವ್ಯರ್ಥ.

ಬೆಣೆಯ ಶಕ್ತಿ ಎಷ್ಟೆಂಬುದಕ್ಕೆ ಒಂದು ಲೆಕ್ಕ ಹೇಳುತ್ತೇವೆ. ಮರ 60 ಅಡಿ ಎತ್ತರ. ಕೀಲಿನಿಂದ ಹಿಂಬದಿಯ ತೊಗಟೆಗೆ 12 ಇಂಚು. ಹಿಂಬದಿಯನ್ನು ಬೆಣೆ ಒಂದು ಇಂಚು ಎತ್ತಿದರೆ ಮರ ಹನ್ನೆರಡಕ್ಕೆ ಒಂದರಂತೆ ಬಾಗುತ್ತದೆ. 60 ಅಡಿ ಮೇಲಿರುವ ತುದಿ 5 ಅಡಿ ಮುಂದಕ್ಕೆ ಬರುತ್ತದೆ. ಕಾಗದದ ಮೇಲೆ ಇದು ಸರಿ. ಆದರೆ ಹಸಿ ಮರ ಬೆಣೆಯ ಕೆಳಗೆ ಅಮುಕಿಕೊಳ್ಳುತ್ತದೆ, ಗಾಳಿ ಹಿಂದಕ್ಕೆ ತಳ್ಳುತ್ತದೆ. ಆದ್ದರಿಂದ ಲೆಕ್ಕದ ಅರ್ಧವನ್ನು ಮಾತ್ರ ನಂಬಬೇಕು. ಇಂಥ ಮರದ ತುದಿ ಎರಡು, ಎರಡೂವರೆ ಅಡಿಯೊಳಗೆ ಹಿಂದಕ್ಕಿದ್ದರೆ ಬೆಣೆ. ಅದು ದಾಟಿದರೆ ಹಗ್ಗ.

ಯಂತ್ರ ಗರಗಸದ ಜೊತೆಗೆ ಕಬ್ಬಿಣದ ಬೆಣೆ ಬೇಡ. ಸರಪಣಿ ತಗುಲಿದರೆ ಹಲ್ಲು ಹೋಗುತ್ತದೆ, ಚೂರು ಸಿಡಿದರೆ ಕಣ್ಣು ಹೋಗುತ್ತದೆ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಬೆಣೆ ಒಳ್ಳೆಯದು. ಹುಣಸೆ, ಜಾಲಿಯಂಥ ಗಟ್ಟಿ ಮರದಿಂದ ಒಂದು ಗೇಣುದ್ದದ ಬೆಣೆಗಳನ್ನು ಮನೆಯಲ್ಲೇ ಮಾಡಿಕೊಳ್ಳಲೂಬಹುದು. ಒಂದರ ಬದಲು ಎರಡು ಬೆಣೆಗಳನ್ನು ಅಕ್ಕಪಕ್ಕ ಇಟ್ಟು ಒಂದಾದ ಮೇಲೊಂದು ಬಡಿದರೆ ಮರ ಪಕ್ಕಕ್ಕೆ ಹೊರಳುವುದಿಲ್ಲ. ಒಂದಡಿಗಿಂತ ಸಪೂರವಾದ ಮರದಲ್ಲಿ ಅಲಗಿನ ಹಿಂದೆ ಬೆಣೆಗೆ ಜಾಗವೇ ಸಾಲದು. ಅಂಥವಕ್ಕೆ ಮೊದಲೇ ಹಗ್ಗ ಕಟ್ಟುವುದು ವಾಸಿ.

ಹಗ್ಗ: ಎಷ್ಟು ಎತ್ತರಕ್ಕೆ?

ಈಗ ನಮ್ಮ ಪ್ರಸಂಗದ ಮರಕ್ಕೇ ಬರೋಣ. ಅದರ ತೂಕ ಒಂದು ಟನ್ ಎಂದಿಟ್ಟುಕೊಳ್ಳೋಣ. ತುದಿ ಸುಮಾರು 7 ಅಡಿ ಹಿಂದಕ್ಕಿತ್ತು. ಎಂದರೆ ಮರದ ಭಾರವೆಲ್ಲ ಒಟ್ಟಾಗುವ ನಡುಭಾಗ ಕೀಲಿನಿಂದ 3 ಅಡಿ ಹಿಂದಕ್ಕಿತ್ತು. ಇದನ್ನು ನೆಟ್ಟಗೆ ಮಾಡಲು ಬೇಕಾದ ಬಲ ಎಲ್ಲಿಂದ ಹಾಕುತ್ತೇವೆಂಬುದರ ಮೇಲೆ ನಿಂತಿದೆ:

1. ಬುಡದಲ್ಲಿ, ಕೀಲಿನಿಂದ 1 ಅಡಿ ದೂರದಲ್ಲಿ ಬೆಣೆ ಇಟ್ಟರೆ: ಸುಮಾರು 3,000 ಕೆ.ಜಿ.
2. 12 ಅಡಿ ಎತ್ತರದಲ್ಲಿ ಹಗ್ಗ ಕಟ್ಟಿ ಎಳೆದರೆ: ಸುಮಾರು 250 ಕೆ.ಜಿ.
3. 36 ಅಡಿ ಎತ್ತರದಲ್ಲಿ ಕಟ್ಟಿ ಎಳೆದರೆ: ಸುಮಾರು 83 ಕೆ.ಜಿ.

ಹಗ್ಗ ಇಳಿಜಾರಾಗಿ ಬರುವುದರಿಂದ ಕೊನೆಯ ಎರಡಕ್ಕೂ ಇನ್ನು ಸ್ವಲ್ಪ ಸೇರಿಸಬೇಕು. ಇದು ಸನ್ನೆಕೋಲಿನ ನ್ಯಾಯವೇ ಹೊರತು ಬೇರೇನಲ್ಲ. ಗಟ್ಟಿಯಾಗಿ ಕಾಲೂರಿ ನಿಂತ ಆಳು 25ರಿಂದ 30 ಕೆ.ಜಿ. ಬಲದಿಂದ ಎಳೆದಾನು. 12 ಅಡಿಯಲ್ಲಿ ಹತ್ತು ಜನರ ಕೆಲಸಕ್ಕೆ ನಾವು ನಾಲ್ವರು ನಿಂತಿದ್ದೆವು. ಅದೇ ಹಗ್ಗವನ್ನು 36 ಅಡಿಯಲ್ಲಿ ಕಟ್ಟಿದ್ದರೆ ಆ ನಾಲ್ವರೇ ಸಾಕಾಗುತ್ತಿದ್ದರು. ಹತ್ತು ಜನರನ್ನು ಕರೆಸುವ ಬದಲು ಮರಗಸಿ ಮಾಡುವ ಒಬ್ಬನನ್ನು ಕರೆಸಿ ಹಗ್ಗವನ್ನು ಮೇಲೆ ಕಟ್ಟಿಸಿ ಎಂದು ನಾವು ಹೇಳುವುದು ಇದಕ್ಕೇ. ಹತ್ತಿದವನು ಇಳಿಯುವ ಮುನ್ನ ವಾಲಿದ ಕಡೆಯ ಕೊಂಬೆಗಳನ್ನು ಸವರಿ ಬಂದರೆ ಭಾರವೂ ಇಳಿಯುತ್ತದೆ.

ಹಗ್ಗದ ಆಯ್ಕೆಯಲ್ಲಿ ಜಿಪುಣತನ ಬೇಡ. ತೆಂಗಿನ ನಾರಿನ ಹಗ್ಗ ಹೊರೆ ಕಟ್ಟಲು ಸರಿ, ಮರ ಎಳೆಯಲು ಅಲ್ಲ. 12 ಮಿಲಿಮೀಟರ್ ದಪ್ಪದ ಒಳ್ಳೆಯ ಪಾಲಿಪ್ರೊಪಿಲೀನ್ ಹಗ್ಗ ಹೊಸದಿದ್ದಾಗ ಹರಿಯಲು ಸುಮಾರು ಎರಡು ಟನ್ ಬೇಕು. ಆದರೆ ಗಂಟು ಹಾಕಿದಲ್ಲಿ ಅದರ ಬಲ ಅರ್ಧದಷ್ಟು ಕುಗ್ಗಬಹುದು. ಬಿಸಿಲಲ್ಲಿ ಬಿದ್ದ ಹಗ್ಗ ಇನ್ನೂ ಕುಗ್ಗಿರುತ್ತದೆ. ನೈಲಾನ್ ಹಗ್ಗ ಬಲವಾದದ್ದೇ, ಆದರೆ ರಬ್ಬರಿನಂತೆ ಹಿಗ್ಗುತ್ತದೆ. ಹರಿದರೆ ಚಾವಟಿಯಂತೆ ಹಿಂದಕ್ಕೆ ಹೊಡೆಯುತ್ತದೆ. ಹಿಗ್ಗು ಕಡಿಮೆಯಿರುವ ಪಾಲಿಯೆಸ್ಟರ್ ಹಗ್ಗ ಈ ಕೆಲಸಕ್ಕೆ ಮೇಲು. ನಮಗೆ ಬೇಕಾದ ಬಲದ ಐದು ಪಟ್ಟಾದರೂ ಹಗ್ಗ ತಡೆಯುವಂತಿರಬೇಕು.

ಎಳೆಯುವವರು ಮರ ಬಿದ್ದರೂ ತುದಿ ಮುಟ್ಟದಷ್ಟು ದೂರ ನಿಲ್ಲಬೇಕು. 60 ಅಡಿ ಮರಕ್ಕೆ 90 ಅಡಿ ದೂರವಿರಲಿ. ಅಷ್ಟು ಜಾಗವಿಲ್ಲದಿದ್ದರೆ ಬಲವಾದ ಮರದ ಬುಡಕ್ಕೆ ಕಪ್ಪಿ ಕಟ್ಟಿ ಹಗ್ಗವನ್ನು ಪಕ್ಕಕ್ಕೆ ತಿರುಗಿಸಿಕೊಳ್ಳಬಹುದು. ಹೀಗೆ ತಿರುಗಿಸಿದಾಗ ಕಪ್ಪಿಯ ಮೇಲೆ ಹಗ್ಗಕ್ಕಿಂತ ಹೆಚ್ಚಿನ ಭಾರ ಬೀಳುತ್ತದೆ; ಪೂರ್ತಿ ಹಿಂದಕ್ಕೆ ತಿರುಗಿದರೆ ಎರಡರಷ್ಟು. ಬಾವಿಯ ಹಳೆಯ ರಾಟೆಯನ್ನು ತಂದು ಕಟ್ಟುವುದು ಅಪಾಯ.

ಕೈ ವಿಂಚು, ಜೀಪು, ಜೆಸಿಬಿ

ಜನ ಎಳೆದರೆ ಒಂದು ಕೊರತೆಯಿದೆ. ಎಳೆಯಬಲ್ಲರು, ಹಿಡಿದು ನಿಲ್ಲಲಾರರು. ಉಸಿರು ಬಿಟ್ಟ ಕ್ಷಣದಲ್ಲಿ ಮರ ಹಿಂದಕ್ಕೆ ಕೂರುತ್ತದೆ. ಟಿರ್‌ಫರ್ ಎಂದು ರೂಢಿಯಲ್ಲಿರುವ ಕೈ ವಿಂಚು ಈ ಕೊರತೆಯನ್ನು ನೀಗಿಸುತ್ತದೆ. ಹಿಡಿ ಆಡಿಸಿದಂತೆ ಉಕ್ಕಿನ ಹಗ್ಗ ಅಂಗುಲ ಅಂಗುಲವಾಗಿ ಬರುತ್ತದೆ. ಕೈ ಬಿಟ್ಟರೂ ಹಿಂದಕ್ಕೆ ಜಾರುವುದಿಲ್ಲ. 800, 1,600 ಮತ್ತು 3,200 ಕೆ.ಜಿ. ಶಕ್ತಿಯವು ಇವೆ. ನಮ್ಮಂಥವರ ತೋಟಕ್ಕೆ 1,600 ಕೆ.ಜಿ.ಯದು ಧಾರಾಳ. ಉಕ್ಕಿನ ಹಗ್ಗದ ನಡುವೆ ಒದ್ದೆ ಗೋಣಿಚೀಲ ಹಾಕಿದರೆ ಅಕಸ್ಮಾತ್ ಹರಿದರೂ ಹೊಡೆತದ ರಭಸ ತಗ್ಗುತ್ತದೆ.

ಕೆಲಸದ ಕ್ರಮ ಹೀಗಿರಲಿ. ಮೊದಲು ಹಗ್ಗದ ಸಡಿಲು ತೆಗೆದು ಬಿಗಿ ಮಾಡುವುದು. ಆಮೇಲೆ ಮುಂದಿನ ಕಚ್ಚು. ಬಳಿಕ ಹಿಂದಿನ ಕೊಯ್ತ ಸ್ವಲ್ಪ, ಬೆಣೆ, ವಿಂಚಿನಲ್ಲಿ ಇನ್ನಷ್ಟು ಬಿಗಿ, ಮತ್ತೆ ಕೊಯ್ತ. ಕೀಲಿನ ದಪ್ಪಕ್ಕೆ ಬಂದಾಗ ಗರಗಸದವನು ಯಂತ್ರದೊಂದಿಗೆ ದೂರ ಸರಿಯುವುದು. ಕೊನೆಯಲ್ಲಿ ವಿಂಚಿನಿಂದ ಎಳೆದು ಬೀಳಿಸುವುದು. ಕೊಯ್ಯುವ ಮೊದಲೇ ಅತಿಯಾಗಿ ಬಿಗಿದರೆ ಕಾಂಡ ಉದ್ದಕ್ಕೆ ಸೀಳಿ ಬುಡ ಮೇಲೆದ್ದು ಹೊಡೆಯುವ ಭಯವಿದೆ. ಮುಂದಕ್ಕೆ ಬಹಳ ವಾಲಿದ ಮರವನ್ನು ವಾಲಿನ ಕಡೆಗೇ ಕಡಿಯುವಾಗಲೂ ಇದೇ ಅಪಾಯವಿರುವುದರಿಂದ ಅಲ್ಲಿಯೂ ಮರದ ನೇರ ಹಿಂದೆ ನಿಲ್ಲತಕ್ಕದ್ದಲ್ಲ.

ಜೀಪಿಗೆ ಹಗ್ಗ ಕಟ್ಟಿ ಎಳೆಯುವ ರೂಢಿ ಹಲವೆಡೆ ಇದೆ. ಚಕ್ರ ಜಾರಿದರೆ ಮರ ಜೀಪನ್ನೇ ಎಳೆಯುತ್ತದೆ; ಜರ್ಕು ಹೊಡೆದರೆ ಕೀಲು ಮುರಿಯುತ್ತದೆ. ಜೆಸಿಬಿಯ ಬಕೆಟ್ಟಿನಿಂದ ಕೊಯ್ದ ಮರವನ್ನು ತಳ್ಳಿಸುವುದು ಇನ್ನೂ ಕೆಟ್ಟದ್ದು. ಅದು ತಳ್ಳುವುದು ಕೆಳಭಾಗವನ್ನು. ಮೇಲ್ಭಾಗ ಎತ್ತ ಹೋದೀತೆಂಬುದು ಅದರ ಕೈಯಲ್ಲಿಲ್ಲ.

ಬುಡದಲ್ಲಿ ಕಡಿಯಬಾರದ ಮರಗಳು

ಕೆಲವು ಮರಗಳಿಗೆ ಯಾವ ಸಲಕರಣೆಯೂ ಸಲ್ಲದು. ತುದಿ ಹತ್ತು ಹದಿನೈದು ಅಡಿ ಮನೆಯ ಮೇಲೆ ಚಾಚಿದ್ದರೆ ಎಳೆದು ತಿರುಗಿಸುವ ಸಾಹಸ ಬೇಡ; ನುರಿತವರಿಂದ ಮೇಲಿನಿಂದ ತುಂಡು ತುಂಡಾಗಿ ಕತ್ತರಿಸಿ ಹಗ್ಗದಲ್ಲಿ ಇಳಿಸುವುದೇ ಮಾರ್ಗ. ಒಣಗಿದ ಅಥವಾ ಟೊಳ್ಳಾದ ಮರಕ್ಕೆ ಯಾರನ್ನೂ ಹತ್ತಿಸಬಾರದು. ಮೇಲೆ ಹೆಜ್ಜೇನು ಇದೆಯೇ ಎಂದು ಹಿಂದಿನ ದಿನವೇ ನೋಡಿಕೊಳ್ಳಬೇಕು. ಮರವಾಗಲಿ ಹಗ್ಗವಾಗಲಿ ವಿದ್ಯುತ್ ತಂತಿಗೆ ತಾಗುವ ಸಂಭವವಿದ್ದರೆ ವಿದ್ಯುತ್ ಕಂಪನಿಯ ಶಾಖಾ ಕಚೇರಿಗೆ ಬರೆದುಕೊಟ್ಟು, ಲೈನ್‌ಮನ್ ಬಂದು ಲೈನ್ ತೆಗೆದ ಮೇಲೆಯೇ ಕೆಲಸ ಆರಂಭಿಸಬೇಕು.

ಯಾವ ಮರವಾದರೂ ಗಾಳಿಯೇಳುವ ಮೊದಲು, ಬೆಳಗಿನ ಹೊತ್ತಿನಲ್ಲಿ ಕಡಿಯುವುದು ಒಳ್ಳೆಯದು. ಗರಗಸ ಹಿಡಿದವನಿಗೆ ಬೀಳುವ ದಿಕ್ಕಿನಿಂದ ಹಿಂದಕ್ಕೆ ಓರೆಯಾಗಿ ಓಡಲು ದಾರಿ ಸವರಿರಬೇಕು. ಉಳಿದವರು ಮರದ ಎತ್ತರದ ಎರಡರಷ್ಟು ದೂರದಲ್ಲಿರಬೇಕು. ಹಗ್ಗ ಅಥವಾ ವಿಂಚು ಹಿಡಿದವರಿಗೆ ಮಾತ್ರ ಮೇಲೆ ಹೇಳಿದ ದೂರ. ನೋಡಲು ಬಂದ ಮಕ್ಕಳನ್ನು ಮೊದಲು ಮನೆಗೆ ಕಳಿಸಬೇಕು.

ಕೂಡಿ ಕೊಂಡರೆ

ಎರಡು ಬೆಣೆ, ಒಂದು ಸುತ್ತಿಗೆ, ತೂಕದ ಗುಂಡು: ಇವು ಪ್ರತಿ ಮನೆಯಲ್ಲಿಯೂ ಇರಬೇಕಾದವು, ಇವಕ್ಕೆ ದೊಡ್ಡ ಖರ್ಚಿಲ್ಲ. ನೂರಿಪ್ಪತ್ತು ಅಡಿ ಒಳ್ಳೆಯ ಹಗ್ಗ, ಕಪ್ಪಿ ಮತ್ತು ಕೈ ವಿಂಚು ಮಾತ್ರ ಎರಡು ಮೂರು ಎಕರೆಯ ಬೆಳೆಗಾರನೊಬ್ಬನಿಗೆ ಭಾರವೇ ಸರಿ. ವರ್ಷಕ್ಕೆ ನಾಲ್ಕು ದಿನದ ಕೆಲಸಕ್ಕಾಗಿ ಉಳಿದ ದಿನವೆಲ್ಲ ಅವು ಮೂಲೆಯಲ್ಲಿ ತುಕ್ಕು ಹಿಡಿಯುತ್ತವೆ. ಅಕ್ಕಪಕ್ಕದ ಐದಾರು ಮನೆಯವರು ಸೇರಿ ಒಂದು ಜೊತೆ ಕೊಂಡು, ಒಬ್ಬರ ಜವಾಬ್ದಾರಿಯಲ್ಲಿ ಇಟ್ಟು, ಸರದಿಯಂತೆ ಬಳಸುವುದು ಸಾಧ್ಯವಿದೆ. ಸಹಕಾರವೆಂಬುದು ಗೊಬ್ಬರ ತರುವುದಕ್ಕೂ ಫಸಲು ಮಾರುವುದಕ್ಕೂ ಮಾತ್ರ ಇರುವುದಲ್ಲವಷ್ಟೆ.

ನಮ್ಮ ಹನ್ನೊಂದು ಅಡಿಕೆ ಮರಗಳ ಜಾಗದಲ್ಲಿ ನೆಟ್ಟ ಸಸಿಗಳು ಈಗ ತಲೆಯೆತ್ತರಕ್ಕೆ ಬಂದಿವೆ. ಆ ದಿನ ಪಕ್ಕಕ್ಕೆ ಹಾರಿ ಉಳಿದ ಆಳು ಇಂದಿಗೂ ನಮ್ಮಲ್ಲೇ ಕೆಲಸಕ್ಕೆ ಬರುತ್ತಾನೆ. ಮರ ಕಡಿಯುವ ಮಾತೆತ್ತಿದರೆ ಅವನು ಮೊದಲು ಕೇಳುವುದು ಗರಗಸವನ್ನಲ್ಲ, ದಾರಕ್ಕೆ ಕಟ್ಟಿದ ಕಲ್ಲನ್ನು.